ಚಿಗವ್ವನ ಬಲಗಣ್ಣು

ಮೊನ್ನೆ ನನ್ನ ಕಣ್ಣಿಗೆ ಇಂಜೆಕ್ಷನ್ ಕೊಡುವ ಮುಂಚೆ ನರ್ಸಮ್ಮ ಕಂದು ಬಣ್ಣದ ಔಷಧಿ ಬಿಟ್ಟರು ನೋಡಿ, ಆ ವಾಸನೆಗೆ ಹಡಗಲಿಯ ಚಿಗವ್ವ ನೆನಪಾದಳು. ನಮ್ಮವ್ವನ ತಂಗಿ. ಸಕ್ಕರೆ ಕಾಯಿಲೆಯಿದ್ದೂ ಪಾಯಸದ ಪಾತ್ರೆಗೆ ಬೆರಳು ಹಾಕುವವಳು. ನಾನೂ ಅದೇ ವಂಶ, ಅದಕ್ಕೇ ಈ ಸೂಜಿ.

ಅವಳ ಎಡಗಣ್ಣು ಮೊದಲೇ ಹೋಗಿತ್ತು. ಬಲಗಣ್ಣೊಂದರಲ್ಲೇ ಮಲ್ಲಿಗೆ ಕಟ್ಟುತ್ತಾ, ಓಣಿಯಲ್ಲಿ ಯಾರು ಯಾರ ಮನೆಗೆ ಹೋದರೆಂಬುದನ್ನೂ ಬಿಡದೆ ನೋಡುತ್ತಿದ್ದಳು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು; ಆ ಕಣ್ಣೂ ಮಂಜಾದಾಗ ದಾವಣಗೆರೆಗೆ ಕರೆದೊಯ್ದೆವು. "ಕಣ್ಣಾಗ ಸೂಜಿ ಚುಚ್ಚತಾರಂತಲೇ! ನಾನೇನು ಕೌದಿಯೇನು?" ಎಂದು ನನ್ನನ್ನೇ ಬೈದಳು. ಇಂಜೆಕ್ಷನ್ ಆಯಿತು. ಕೆಂಪಾದರೆ, ನೋವಾದರೆ ಕೂಡಲೇ ಬರಬೇಕೆಂದು ಡಾಕ್ಟರು ಒತ್ತಿ ಹೇಳಿದರು.

ಊರಿಗೆ ಬಂದು ಎರಡು ದಿನಕ್ಕೆ ಕಣ್ಣು ಕೆಂಪಾಗಿ ನೋಯತೊಡಗಿತು. ನಮ್ಮ ಕಡೆ ಕಣ್ಣು ಕೆಂಪಾದರೆ ಉಷ್ಣ. ಉಷ್ಣಕ್ಕೆ ಬಾಣಂತಿಯ ಎದೆಹಾಲು. ಅದರ ಮುಂದೆ ಡಾಕ್ಟರ ಮಾತು ಎಲ್ಲಿ ನಿಂತೀತು? ಚಿಗವ್ವ ತಾನೇ ಪಕ್ಕದ ಮನೆಯ ರೇಣುಕಾಳನ್ನು ಕರೆದಳು. "ಎರಡು ಹನಿ ಹಾಕವ್ವಾ, ತಂಪಾಗತೈತಿ." ಆ ಹುಡುಗಿ ಕೂಸನ್ನು ನಮ್ಮವ್ವನ ಕೈಗೆ ಕೊಟ್ಟು ಹಾಲು ಹಿಂಡಿದಳು.

ಬೆಳಗಾಗುವಷ್ಟರಲ್ಲಿ ರೆಪ್ಪೆ ಊದಿ, ಕರಿಗುಡ್ಡೆಯ ಮುಂದೆ ಬೆಳ್ಳಗೆ ಕೀವು ಕಟ್ಟಿತ್ತು. ದಾವಣಗೆರೆ ಬಸ್ಸು ತೆಲಿಗಿ ದಾಟುವಾಗ ಕಿಟಕಿ ತುಂಬ ಬಿಸಿಲು. "ಇನ್ನಾ ಹೊತ್ತು ಮೂಡಿಲ್ಲೇನು?" ಎಂದಳು.

"ಕಣ್ಣಿಗೆ ಏನಾದ್ರೂ ಹಾಕಿದ್ರಾ ಅಮ್ಮಾ?" ಎಂದು ಡಾಕ್ಟರು ಕೇಳಿದರು.

"ಏನಿಲ್ರಿ" ಎಂದಳು. ಅವರು ಅತ್ತ ಹೋದ ಮೇಲೆ ನನ್ನ ಕೈ ಹಿಡಿದಳು. "ರೇಣುಕಾನ ಹೆಸರು ತಗೀಬ್ಯಾಡಲೇ. ಹಸಿ ಬಾಣಂತಿ ಅದಾಳ, ಎದಿ ಒಡಕೊಂತಾಳ."

ಕಣ್ಣೊಳಗಿನ ನೀರು ತೆಗೆದು ಪರೀಕ್ಷೆಗೆ ಕಳಿಸಿ, ಅದೇ ಕಣ್ಣಿಗೆ ಮತ್ತೆ ಸೂಜಿ ಹಾಕಿ ಔಷಧಿ ಬಿಟ್ಟರು. ಆಮೇಲೆ ಆಪರೇಷನ್ ಮಾಡಿ ಕೀವು ತೆಗೆದರು. ಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ. ಕೆಡಿಸಿದ್ದು ಹಾಲೋ, ಕಳೆದುಹೋದ ಆ ದಿನವೋ, ಮೊದಲ ಸೂಜಿಯ ಬೆನ್ನಿಗೇ ಹೊಕ್ಕ ನಂಜೋ, ಇವತ್ತಿಗೂ ನನಗೆ ಗೊತ್ತಿಲ್ಲ. ರೇಣುಕಾ ನೋಡಲು ಬಂದಾಗ ಚಿಗವ್ವ ಕೂಸಿನ ಮುಖವನ್ನೆಲ್ಲ ತಡವಿ, "ಮೂಗು ನಿನ್ನಂಗ ಐತಲ್ಲವ್ವಾ" ಎಂದು ನಕ್ಕಳು. ನಾನು ಎದ್ದು ಹೊರಗೆ ಹೋದೆ.

ಇಂದು ಬೆಳಿಗ್ಗೆ ನನ್ನ ಕಣ್ಣು ತುಸು ಕೆಂಪಾಗಿತ್ತು. ಚಹಾ ಕೂಡ ಕುಡಿಯದೆ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ದೀಪ ಹಿಡಿದು ನೋಡುತ್ತಾ, ಕಣ್ಣಿಗೆ ಏನಾದರೂ ಹಾಕಿದ್ದೀರಾ ಎಂದು ಕೇಳಿದರು. ಇಲ್ಲ ಎನ್ನಬೇಕಿತ್ತು, ಅಷ್ಟೇ. ಬಾಯಿ ತೆರೆದರೆ ಅಳು ಬಂತು.