ಮಾಳಿಗೆಯ ಮೇಲೆ ಒಣಗಿದ ಪುಡಿ

ಬಾಗಲಕೋಟೆಯ ನವನಗರದಲ್ಲಿ ಸಂಗಮೇಶನನ್ನು ಎಲ್ಲರೂ ಡಾಕ್ಟರು ಎನ್ನುತ್ತಿದ್ದರು. ಯಾವ ಡಾಕ್ಟರು ಎಂಬುದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ನ್ಯಾನೋ ಕಣಗಳ ಮೇಲೆ ಸಂಶೋಧನೆ ಮಾಡುತ್ತೇನೆ, ಒಂದು ಕೂದಲನ್ನು ಸಾವಿರಾರು ಸೀಳು ಸೀಳಿದರೆ ಎಷ್ಟಾಗುತ್ತದೋ ಅಷ್ಟು ಸಣ್ಣ ಕಣ ಎಂದು ಅವನು ಬಿಡಿಸಿ ಹೇಳಿದ್ದುಂಟು. ಕೇಳಿದ ಸೋದರಮಾವ ತಲೆ ಕೆರೆದುಕೊಂಡು, “ಇಷ್ಟು ಸಣ್ಣ ಸಾಮಾನಿಗೆ ಇಷ್ಟು ವರ್ಷ ಯಾಕ ಬೇಕೋ ತಮ್ಮಾ?” ಎಂದಿದ್ದ.

ಹುನಗುಂದದಲ್ಲಿ ಶಾಲೆ, ಧಾರವಾಡದಲ್ಲಿ ಪಿಎಚ್‌.ಡಿ., ಆಮೇಲೆ ಕೆಲ ಕಾಲ ಕೊರಿಯಾ. ಅಲ್ಲಿಂದ ಬರುವಾಗ ತಲೆಯಲ್ಲಿ ಒಂದೇ ಹುಳ. ಹುನಗುಂದದ ಕಡೆ ಎಷ್ಟೋ ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಅದನ್ನೇ ಕುಡಿದು ಅವನ ಸಣ್ಣವ್ವನ ಹಲ್ಲು ಕಂದು ತಿರುಗಿ, ಬೆನ್ನು ಬಾಗಿತ್ತು. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳಲ್ಲಿ ಕಲ್ಲು ಕೊಯ್ಯುವಾಗ ಹರಿದುಹೋಗುವ ಕೆಸರಿದೆಯಲ್ಲ, ಅದನ್ನೇ ತಂದು, ಅರೆದು, ಬೇಯಿಸಿ, ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ನ್ಯಾನೋ ಪುಡಿ ಮಾಡಬೇಕೆಂದು ಹೊರಟ. ಬೇರೆಯವರಾದರೆ ಪ್ರಯೋಗಾಲಯದ ಓವನ್ನಿನಲ್ಲಿ ಒಣಗಿಸುತ್ತಿದ್ದರು. ಇವನ ಓವನ್ನು ದುರಸ್ತಿಗೆ ಹೋದದ್ದು ತವರಿಗೆ ಹೋದ ಸೊಸೆಯ ಹಾಗೆ ಅಲ್ಲೇ ಉಳಿದಿತ್ತು. ಹೀಗಾಗಿ ಹಸಿ ಹಿಟ್ಟನ್ನು ಸ್ಟೀಲಿನ ತಾಟಿನಲ್ಲಿ ಮನೆಗೆ ತಂದು, ಅವ್ವ ಹಪ್ಪಳ ಒಣಗಿಸುವ ಮಾಳಿಗೆಯ ಮೇಲೆ ಬಿಸಿಲಿಗಿಡುತ್ತಿದ್ದ.

ಪುಡಿ ಕೆಲಸ ಮಾಡಿತು. ಬೋರಿನ ನೀರಿಗೆ ಹಾಕಿ ಕಲಕಿದರೆ ಫ್ಲೋರೈಡ್ ಸರ್ರನೆ ಇಳಿಯುತ್ತಿತ್ತು. ನೀರಿಗೆ ಹಾಕಿ ತೆಗೆದ ಪುಡಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಸುಣ್ಣದ ಅಂಶ ಕಂಡಿತು. ನಮ್ಮ ಕಡೆ ನೀರೇ ಗಡಸು, ಅದರಲ್ಲಿನ ಸುಣ್ಣವನ್ನೂ ನನ್ನ ಪುಡಿ ಎಳೆದುಕೊಳ್ಳುತ್ತಿದೆ ಎಂದು ಸಂಗಮೇಶ ಹಿಗ್ಗಿದ. ಆ ಹಿಗ್ಗಿನಲ್ಲೇ ಒಂದು ಸಿದ್ಧಾಂತ ಕಟ್ಟಿ ಪ್ರಬಂಧ ಬರೆದ. ಅದು ವಿದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ರಾಮಥಾಳದ ಕಡೆಯ ಒಂದು ಶಾಲೆಯಲ್ಲಿ ಆ ಪುಡಿಯ ನೀರಿನ ಶೋಧಕ ಕೂಡಿಸುವ, ಮುಂದೆ ಬೇಕಾದ ಪುಡಿಯನ್ನು ಶಾಲೆಯವರೇ ಒಣಗಿಸಿಕೊಳ್ಳುವ ಮಾತೂ ನಡೆಯಿತು.

ತೊಡಕು ಎದುರಾದದ್ದು ಫರಹಾನಾಳಿಂದ. ಇಳಕಲ್ಲಿನ ಹುಡುಗಿ, ಅವನ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದಳು. ಅದೇ ಕೆಸರು, ಅದೇ ವಿಧಾನ, ಒಣಗಿಸಿದ್ದೂ ಬಿಸಿಲಿನಲ್ಲೇ, ಆದರೆ ಹಾಸ್ಟೆಲ್ಲಿನಿಂದ ಊರಿಗೆ ಹೋದಾಗ ತನ್ನ ಮನೆಯ ಮಾಳಿಗೆಯ ಮೇಲೆ. ಅವಳ ಪುಡಿ ನೀರಿನಲ್ಲಿ ಸುಮ್ಮನೆ ಕೂತಿತು.

“ಸರ್, ಮತ್ತೊಮ್ಮಿ ಮಾಡಿದ್ನಿರಿ. ಇದು ಕೆಲಸ ಮಾಡೂದಿಲ್ಲರಿ,” ಎಂದಳು.

ಸಂಗಮೇಶ ತಬ್ಬಿಬ್ಬಾದ. ನೀರು ಬದಲಿಸಿದ, ಪಾತ್ರೆ ಬದಲಿಸಿದ, ತನ್ನ ಕಣ್ಣೆದುರೇ ಅವಳಿಂದ ಹಿಟ್ಟು ಕಲಸಿಸಿದ; ಒಣಗಿದ್ದು ಮಾತ್ರ ಅವಳ ಮಾಳಿಗೆಯ ಮೇಲೆಯೇ. ಅವಳದು ಬರಲೇ ಇಲ್ಲ, ಇವನದು ತಪ್ಪಲೇ ಇಲ್ಲ. ಕಡೆಗೆ ಅವಳು ಕಲಸಿದ ಹಸಿ ಹಿಟ್ಟನ್ನೇ ತನ್ನ ಮನೆಗೆ ಒಯ್ದು ಒಣಗಿಸಿದ. ಮರುದಿನ ಅದೂ ಫ್ಲೋರೈಡ್ ಹಿಡಿಯಿತು! ನವನಗರದ ಬಿಸಿಲಿಗೂ ಇಳಕಲ್ಲಿನ ಬಿಸಿಲಿಗೂ ವ್ಯತ್ಯಾಸವೇ? ನವನಗರದ ಪಕ್ಕದ ಅಣೆಕಟ್ಟಿನ ಹಿನ್ನೀರಿನ ತೇವಗಾಳಿಯೇ? ಪಾಪ, ಕಲಿತವನು, ಏನೇನೋ ಯೋಚಿಸಿದ. ಏನೂ ಹೊಳೆಯದಿದ್ದಾಗ ಎಲ್ಲ ಮೇಷ್ಟರೂ ಮಾಡುವುದನ್ನೇ ಮಾಡಿದ.

“ಹಿಟ್ಟು ನಿಂದ, ಒಣಗಿಸಿದಾಂವ ನಾ. ಬಂತು ನೋಡು. ನಿನ್ನ ಕೈ ಸ್ವಚ್ಛ ಇಲ್ಲ ಫರಹಾನಾ. ಈ ಕೆಲಸ ಎಲ್ಲಾರಿಗೂ ಆಗೂದಲ್ಲ.”

ಆ ವಾರವೇ ಅವಳು ಪಿಎಚ್‌.ಡಿ. ಬಿಟ್ಟು, ಹಾಸ್ಟೆಲ್ಲಿನ ಸಾಮಾನು ಕಟ್ಟಿಕೊಂಡು ಇಳಕಲ್ಲಿಗೆ ಹೋದಳು. ಹೋದಮೇಲೂ ಸಂಗಮೇಶನಿಗೆ ಸಮಾಧಾನವಿರಲಿಲ್ಲ. ಶಾಲೆಯವರು ತಾವೇ ಪುಡಿ ಒಣಗಿಸಿದಾಗ ಅದು ಕೆಲಸ ಮಾಡದಿದ್ದರೆ? ಶುದ್ಧವೆಂದು ಇವನು ನಂಬಿಸಿದ ನೀರನ್ನು ಮಕ್ಕಳು ಕುಡಿಯುತ್ತಾರೆ.

ಒಂದು ಬೆಳಿಗ್ಗೆ ತಾಟು ಬಿಸಿಲಿಗಿಟ್ಟು ಕೆಳಗಿಳಿದವನು ಮೊಬೈಲು ಮರೆತೆನೆಂದು ಮತ್ತೆ ಮೇಲೆ ಹೋದ. ಅವ್ವ ಬಸಲಿಂಗವ್ವ ಲಿಂಗಪೂಜೆ ಮುಗಿಸಿ ಬಂದು, ತಾಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಅಂಗೈಯಲ್ಲಿ ಪುಡಿ ಮಾಡಿಕೊಂಡ ವಿಭೂತಿ. ಉಪ್ಪು ಉದುರಿಸಿದ ಹಾಗೆ ಹಸಿ ಹಿಟ್ಟಿನ ಮೇಲೆಲ್ಲ ಉದುರಿಸಿ, ಬೆರಳಿನಿಂದ ಮೆಲ್ಲಗೆ ಕಲಸಿ, ಕಣ್ಣು ಮುಚ್ಚಿ ಕೈಮುಗಿದಳು.

“ಯವ್ವಾ! ಏನ್ ಮಾಡಾಕತ್ತಿ?”

“ಯಾಕೋ, ಹಿಂಗ್ಯಾಕ ಒದರ್ತಿ? ಮಂದಿ ಕುಡಿಯೂ ನೀರಿಗೆ ಹಾಕೂ ಔಷಧ ಅಂದಿ. ಮೊದಲಿಂದಾನೂ ಹಾಕ್ತೇನಿ. ಕೂಡಲಸಂಗಮದಿಂದ ತಂದ ವಿಭೂತಿ. ಕುಡದವ್ರ ಹೊಟ್ಟಿ ತಣ್ಣಗಿರ್ಲಿ ಅಂತ.”

ಆ ಮನೆಯಲ್ಲಿ ಅದು ಹೊಸದಲ್ಲ. ಜ್ವರ ಬಂದವರ ನೀರಿಗೆ, ಊರಿಗೆ ಹೊರಟವರ ಬುತ್ತಿಗೆ ಅವ್ವನ ಚಿಟಿಕೆ ವಿಭೂತಿ ಬಿದ್ದೇ ಬೀಳುತ್ತಿತ್ತು. ಔಷಧವೆಂದ ಮೇಲೆ ಚಿಟಿಕೆಗೆ ಬದಲು ಹಿಡಿಯೇ ಬಿದ್ದಿತ್ತು. ವಿಭೂತಿ ಗಟ್ಟಿ ಮಾಡುವಾಗ ಬೂದಿಗೆ ಸುಣ್ಣ ಬೆರೆಸುತ್ತಾರೆ; ಪುಡಿಯಲ್ಲಿ ಸಂಗಮೇಶ ಕಂಡದ್ದು ಆ ಸುಣ್ಣವನ್ನೇ. ಸುಣ್ಣ ಫ್ಲೋರೈಡ್ ಹಿಡಿಯುವುದು ಕಾಲೇಜಿನ ಹುಡುಗರಿಗೂ ಗೊತ್ತು. ತಾನು ವರ್ಷಗಟ್ಟಲೆ ಅಳೆದದ್ದು ಅವ್ವನ ಕೈಯ ವಿಭೂತಿಯನ್ನೇ.

“ಫರಹಾನಾನ ಹಿಟ್ಟಿಗೂ ಹಾಕಿದ್ಯಾ?”

“ಮತ್ತ? ಆ ಹುಡುಗಿ ನಮ್ಮಕಿ ಅಲ್ಲೇನು?” ಬಸಲಿಂಗವ್ವ ಮಗನ ಮುಖ ನೋಡಿ ಗಾಬರಿಯಾದಳು. “ಕೆಟ್ಟತೇನೋ ಯಪ್ಪಾ? ನೀರು ಚಲೋ ಆಗ್ತಿತ್ತು ಅಂತ ನೀನ ಹೇಳಿದ್ದ್ಯಲ್ಲ?”

ಅದಕ್ಕೆ ಏನು ಹೇಳಬೇಕು? ನೀರು ಚಲೋ ಆದದ್ದೂ ಖರೆ, ಅವನ ಕೆಲಸ ಕೆಟ್ಟದ್ದೂ ಖರೆ. ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಅವನು ಬಿಸಿಯೇರುತ್ತಿದ್ದ ಮಾಳಿಗೆಯ ಮೇಲೆ ಕೂತೇಬಿಟ್ಟ.

ಅವ್ವನ ಕೈ ತಾಗದ ಪುಡಿಯನ್ನು ಮಾಡಿ ನೋಡಿದ. ನೀರಿನಲ್ಲಿ ಸುಮ್ಮನೆ ಕೂತಿತು. ವಿಭಾಗದ ಗೆಳೆಯ ಚೇತನಕುಮಾರನಿಗೆ ಹೇಳಿದರೆ ಅವನು ಬಿದ್ದು ಬಿದ್ದು ನಕ್ಕ. “ಹುಚ್ಚ ಅದೀಯೇನು? ‘ಸುಣ್ಣ ಬೆರೆಸಿದ ಪುಡಿ’ ಅಂತ ಇನ್ನೊಂದು ಪೇಪರ್ ಬರಿ. ಯಾರು ಕೇಳ್ತಾರಲೇ? ಖರೆ ಹೇಳಿದ್ರ ಒಂದ ಕಡೆ ನಗ್ತಾರ, ಇನ್ನೊಂದ ಕಡೆ ನಿನ್ನ ಮನಿ ಮುಂದ ವಿಭೂತಿ ನೀರಿಗೆ ಪಾಳಿ ಹಚ್ಚತಾರ.” ಮಾತು ಸುಳ್ಳಾಗಿರಲಿಲ್ಲ. ಸಂಗಮೇಶನಿಗೆ ಆಸೆಯೂ ಆಯಿತು. ಆದರೆ ಹಾಗೆ ಬರೆದರೆ ಫರಹಾನಾಳ ಕೈ ಎಂದೆಂದಿಗೂ ಕೊಳಕಾಗಿಯೇ ಉಳಿಯುತ್ತದೆ. ಶೋಧಕ ಬೇಡವೆಂದು ಶಾಲೆಗೆ ಫೋನು ಮಾಡಿ, ಕಾರು ತೆಗೆದ. ಬೇಡವೆಂದರೂ ಅವ್ವ ಹತ್ತಿ ಕೂತಳು.

ಇಳಕಲ್ಲಿನಲ್ಲಿ ಫರಹಾನಾ ಮನೆಪಾಠ ಹೇಳುತ್ತಿದ್ದಳು. ಮಕ್ಕಳನ್ನು ಕಳಿಸಿ, ಚಹಾ ತಂದಿಟ್ಟು, ನಿಂತೇ ಕೇಳಿದಳು. ಸಂಗಮೇಶ ತಡವರಿಸುತ್ತ ಎಲ್ಲ ಹೇಳಿದ. ನಡುನಡುವೆ ಬಸಲಿಂಗವ್ವ, “ಚಲೋದಾಗ್ಲಿ ಅಂತನ ಹಾಕಿದ್ನೆವಾ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಳಬ್ಯಾಡ್ರಿ ಅವ್ವಾರ,” ಎಂದು ಫರಹಾನಾ ಅವಳ ಕೈ ಹಿಡಿದಳು. ಆಮೇಲೆ ಸಂಗಮೇಶನ ಕಡೆ ತಿರುಗಿದಳು. “ಅಂದ್ರ ನಾ ಮಾಡಿದ್ದು ಸರಿ ಇತ್ತೇನ್ರಿ ಸರ್?”

“ಸರಿ ಇತ್ತು. ಪುಡಿ ಕೆಲಸ ಮಾಡೂದಿಲ್ಲ ಅಂತ ನೀ ಹೇಳಿದ್ದ ಖರೆ. ಆ ಪೇಪರ್ ವಾಪಸ್ ತಗೋತೇನಿ. ಯಾಕ ಅಂತನೂ ಬರೀತೇನಿ.”

ಫರಹಾನಾ ಬಸಲಿಂಗವ್ವನ ಕೈ ಬಿಟ್ಟು ನೆಟ್ಟಗೆ ನಿಂತಳು. ಸಿಟ್ಟೋ, ಸಂತೋಷವೋ ಅವಳಿಗೇ ತಿಳಿಯುವಂತಿರಲಿಲ್ಲ.

“ನೀವ್ ಬರೀಬ್ಯಾಡ್ರಿ ಸರ್. ನಾ ಬರೀತೇನ್ರಿ. ಆ ಪೇಪರಿನ್ಯಾಗ ಮೊದಲನೇ ಹೆಸರು ನಂದ ಇರಬೇಕು.”

ತನ್ನ ಬದುಕಿನ ಅತಿ ದೊಡ್ಡ ಶೋಧ ಸುಳ್ಳೆಂದು ಸಾರುವ ಪ್ರಬಂಧದಲ್ಲಿ ಎರಡನೆಯ ಹೆಸರಾಗಲು ಸಂಗಮೇಶ ತಲೆಯಾಡಿಸಿದ.