ಅನಗೋಳದ ಡ್ರಮ್ಮಿನಾಗ ದೋಣಿ ಮೋಟರ್

ದೋಣಿ ಮೋಟರನ್ನು ನನ್ನಷ್ಟು ಚೆಂದ ಬಿಚ್ಚುವವರು ಬೆಳಗಾವಿ ಜಿಲ್ಲೆಯಲ್ಲೇ ಇಲ್ಲ. ಜೋಡಿಸುವ ಮಾತು ಬೇರೆ. ಖಾನಾಪುರದ ಗೆಳೆಯನೊಬ್ಬ ಮಲಪ್ರಭೆಯಲ್ಲಿ ಮೀನು ಹಿಡಿದು ಬದುಕುವವನು. ಅವನ ಹಳೆಯ ಮೋಟರನ್ನು, ರಿಪೇರಿಗೆ ಮಿಸ್ತ್ರಿ ಯಾಕೆ, ನಾನಿಲ್ಲವೇ ಎಂದು ಅನಗೋಳದ ನನ್ನ ಮನೆಗೆ ಹೊತ್ತು ತಂದೆ. ನೀರಿನ ಡ್ರಮ್ಮಿಗೆ ಸಿಕ್ಕಿಸಿ ಚಾಲೂ ಮಾಡಿದರೆ ಇಡೀ ಓಣಿ ನಡುಗಿತು. ಆದರೆ ಎಂಜಿನ್ ತಂಪಾಗಿಡುವ ನೀರು ಹಿಂದಿನ ಸಣ್ಣ ತೂತಿನಿಂದ ಹೊರಗೆ ಚಿಮ್ಮಲೇ ಇಲ್ಲ. ಹೀಗೇ ಓಡಿಸಿದರೆ ಮೋಟರ್ ಸುಟ್ಟು, ಗೆಳೆಯ ದಂಡೆಯಲ್ಲೇ ಕೂಡಬೇಕು. ನೀರೆಳೆಯುವ ಪಂಪನ್ನು ಮೂರು ಸಲ ಬಿಚ್ಚಿದರೂ ದೋಷ ಸಿಗಲಿಲ್ಲ.

ಬಾಜು ಮನೆಗೆ ಹೊಸದಾಗಿ ಬಂದಿದ್ದ ಅಜ್ಜಿ ಸಿಟ್ಟಿನಿಂದ ಬಂದರು.

“ಅನಗೋಳಕ್ಕ ಹೊಳಿ ಯಾವಾಗ ಬಂತ್ರೀ?”

ಮೋಟರ್ ಬಂದ್ ಮಾಡಿ ನನ್ನ ಕಷ್ಟ ಹೇಳಿಕೊಂಡೆ. ಅಜ್ಜಿ ತೂತಿಗೆ ಕಣ್ಣಿಟ್ಟು ನೋಡಿ, ಮನೆಯಿಂದ ಸೀಮೆಎಣ್ಣೆ ಸ್ಟೋವಿನ ಪಿನ್ನು ತಂದು ಚುಚ್ಚಿದರು. ಕಣಜದ ಹುಳು ಕಟ್ಟಿದ್ದ ಮಣ್ಣಿನ ಗೂಡು ಉದುರಿತು. ಮತ್ತೆ ಚಾಲೂ ಮಾಡಿದೆ. ನೀರು ಚಿಮ್ಮಿ ನನ್ನ ಮೀಸೆ ತೊಯ್ದುಹೋಯಿತು.

“ಸ್ಟೋ ಇರ್ಲಿ, ಮೋಟರ್ ಇರ್ಲಿ, ಮೊದ್ಲ ತೂತು ನೋಡ್ಬೇಕ್ರೀ,” ಎಂದರು ಅಜ್ಜಿ.

ಅಷ್ಟರಲ್ಲಿ ಗೆಳೆಯನ ಫೋನು. “ಆತೇನೋ? ಯಾರ್ ಮಾಡಿದ್ರು?”

‘ನಾನ’ ಎನ್ನಲು ಬಾಯಿ ತೆರೆದೆ. ಅಜ್ಜಿ ಪಿನ್ನು ಹಿಡಿದೇ ನಿಂತಿದ್ದರು.

“ನಾವಿಬ್ರೂ,” ಎಂದೆ. ಇಷ್ಟು ಖರೇ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.