ಪಟ್ಟಿಯ ಮೊದಲ ಸಾಲು

ಸುಳ್ಯದ ಖಾಸಗಿ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷಗಳಿಗೂ ಮೀರಿ ಕನ್ನಡ ಕಲಿಸಿದವನು ನಾನು. ಶಾಲೆಯ ದಾಖಲೆಗಳು ಕಂಪ್ಯೂಟರಿಗೆ ಏರಿದ ವರ್ಷ, ತಂತ್ರಾಂಶದ ಕನ್ನಡವನ್ನು ತಿದ್ದುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ಯಾರಾದರೂ ಕೆಲಸ ಬಿಟ್ಟರೆ ‘ಕಾರಣ’ ಎಂಬಲ್ಲಿ ಒತ್ತಬೇಕು, ಒಂದು ಪಟ್ಟಿ ಕೆಳಗಿಳಿಯುತ್ತದೆ, ಅದರಲ್ಲೊಂದನ್ನು ಆರಿಸಬೇಕು. ಆ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿಕೊಟ್ಟವನು ನಾನೇ: ಅಶಿಸ್ತು, ಆರೋಗ್ಯ, ನಿವೃತ್ತಿ, ಮರಣ, ವರ್ಗಾವಣೆ, ವಿವಾಹ. ‘ಇತರ’ ಎಂಬುದನ್ನು ಹೊಡೆದುಹಾಕಿದ್ದೆ. ಅದು ಕಾರಣವೇ ಅಲ್ಲ. ತಂತ್ರಾಂಶ ಬರೆದ ಪುತ್ತೂರಿನ ಮಹಿಳೆ ಎಲ್ಲಕ್ಕಿಂತ ಮೇಲೆ ಒಂದು ಖಾಲಿ ಸಾಲು ಸೇರಿಸಿದ್ದರು.

“ಇದೆಂತ?” ಎಂದೆ.

“ಆರಿಸದಿದ್ರೆ ಖಾಲಿಯೇ ಇರ್ಲಿ ಅಂತ ಸರ್. ಇಲ್ಲದಿದ್ರೆ ಪಟ್ಟಿಯ ಮೊದಲ ಸಾಲು ತನ್ನಷ್ಟಕ್ಕೆ ಕೂತ್ಕೊಳ್ತದೆ.”

“ಆರಿಸದವರಿಗೆ ನಾವು ಯಾಕೆ ಜಾಗ ಮಾಡಿ ಕೊಡುದು? ತೆಗೀರಿ.”

ಅವರು ಆ ಸಾಲನ್ನು ತೆಗೆದರು.

ಮರುವರ್ಷ ಕನ್ನಡದ ಪೀರಿಯಡ್ಡುಗಳನ್ನು ಅರ್ಧಕ್ಕಿಳಿಸಿದಾಗ ರಾಜೀನಾಮೆ ಕೊಟ್ಟೆ. ಪತ್ರದಲ್ಲಿದ್ದುದು ಒಂದೇ ವಾಕ್ಯ. ಕಾರಣ ಬರೆಯಲಿಲ್ಲ, ಅದನ್ನು ತಿಳಿಯುವ ಯೋಗ್ಯತೆ ಆಡಳಿತ ಮಂಡಳಿಗಿಲ್ಲವೆಂದು ಭಾವಿಸಿದ್ದೆ.

ಎರಡು ತಿಂಗಳ ಬಳಿಕ ಕಡಬ ತಾಲೂಕಿನ ಶಾಲೆಯೊಂದು ನನ್ನನ್ನು ಸಂದರ್ಶನಕ್ಕೆ ಕರೆಯಿತು. ನನ್ನ ಪಾಠ ಕೇಳಿ ಮೆಚ್ಚಿದ ಮುಖ್ಯೋಪಾಧ್ಯಾಯಿನಿ, ಸೋಮವಾರದಿಂದಲೇ ಬರಬಹುದೆಂದು ಹೇಳಿ ಕಳುಹಿಸಿದರು. ಶನಿವಾರ ಅವರದೇ ಫೋನು. ಹಳೆಯ ಶಾಲೆಯಿಂದ ತರಿಸಿಕೊಂಡ ನನ್ನ ಸೇವಾ ವಿವರದಲ್ಲಿ, ಬಿಟ್ಟ ಕಾರಣ: ಅಶಿಸ್ತು.

ಕೂಡಲೇ ಸುಳ್ಯಕ್ಕೆ ಹೋದೆ. ಗುಮಾಸ್ತರು ನಿರ್ವಿಕಾರವಾಗಿ ಹೇಳಿದರು: “ನಿಮ್ಮ ಪತ್ರದಲ್ಲಿ ಕಾರಣ ಇರ್ಲಿಲ್ಲ ಮಾರಾಯ್ರೆ. ನಾನು ಆ ಪಟ್ಟಿಯನ್ನು ಮುಟ್ಟಲೇ ಇಲ್ಲ. ಅಲ್ಲಿ ಖಾಲಿ ಬಿಡ್ಲಿಕ್ಕೆ ಉಂಟಾ? ಪಟ್ಟಿ ನಿಮ್ಮದೇ ಅಲ್ವಾ?”

ಪುತ್ತೂರಿಗೆ ಫೋನು ಹೋಯಿತು. ಹತ್ತು ನಿಮಿಷಗಳಲ್ಲಿ ಪಟ್ಟಿಯ ತಲೆಯ ಮೇಲೆ ಖಾಲಿ ಸಾಲು ಬಂದು ಕುಳಿತಿತು. ಆ ಮಹಿಳೆ ನನ್ನೊಡನೆ ಮಾತನಾಡಬೇಕೆನ್ನಲಿಲ್ಲ. ‘ನಾನು ಅಂದೇ ಹೇಳಿದ್ದೆ’ ಎಂದು ಚುಚ್ಚಿದ್ದರೂ ಸಹಿಸಿಕೊಳ್ಳುತ್ತಿದ್ದೆ. ಗುಮಾಸ್ತರು ಅದನ್ನೇ ಆರಿಸಿ, ಹೊಸ ಪ್ರತಿ ತೆಗೆದು, ಮೊಹರು ಒತ್ತಿ ಕೊಟ್ಟರು. ಅದನ್ನು ಕೈಯಲ್ಲೇ ಹಿಡಿದುಕೊಂಡು ಬಸ್ಸು ಹತ್ತಿದೆ.

ಮುಖ್ಯೋಪಾಧ್ಯಾಯಿನಿ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟರು.

“ಇದರಲ್ಲಿ ಅಶಿಸ್ತು ಅಂತ ಉಂಟು, ಇದರಲ್ಲಿ ಎಂತದೂ ಇಲ್ಲ. ಅಳಿಸಿ ಕೊಟ್ಟದ್ದಾ ಸರ್?”

ವಿವರಿಸಿದೆ: ಪಟ್ಟಿ, ಮೊದಲ ಸಾಲು, ಗುಮಾಸ್ತರು ಮುಟ್ಟದೆ ಬಿಟ್ಟದ್ದು. ಕರ್ತೃ, ಕರ್ಮ, ಕ್ರಿಯಾಪದ ಯಾವುದೂ ತಪ್ಪಲಿಲ್ಲ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

“ಆಯ್ತು, ಆದ್ರೆ ನಿಜವಾದ ಕಾರಣ ಎಂತ?”

ಪೀರಿಯಡ್ಡುಗಳ ಕತೆ ಹೇಳಿದೆ. ಅವರು ಕಾಗದಗಳನ್ನು ಜೋಡಿಸಿ ನನ್ನ ಕಡೆಗೆ ಸರಿಸಿದರು.

“ಹಾಗಾದ್ರೆ ಮೇಲಿನವರ ಮಾತು ಕೇಳದೆ ಬಿಟ್ಟದ್ದೇ ಅಲ್ವಾ ಸರ್.”